ಲೇಪವಿಲ್ಲದ ಹಲ್ಲು

ನಮ್ಮ ಮೈದುನನಿಗೆ ಮನುಷ್ಯರ ಮುಖ ನೆನಪಿರುವುದಿಲ್ಲ, ಅವರ ಚಪ್ಪಲಿ ನೆನಪಿರುತ್ತದೆ! ಮಂಕಿ ಎಂಬ ಊರಿನ ನಮ್ಮ ಮನೆಯ ಮೆಟ್ಟಿಲ ಬಳಿ ಹತ್ತು ಜೋಡಿ ಚಪ್ಪಲಿ ಬಿದ್ದಿರಲಿ, ಒಳಗೆ ಯಾರ್‍ಯಾರು ಕೂತಿದ್ದಾರೆಂದು ಅಂಗಳದಲ್ಲೇ ನಿಂತು ಹೇಳುತ್ತಾನೆ. ಹಿಮ್ಮಡಿ ಹೊರಮಗ್ಗುಲಿಗೆ ಸವೆದದ್ದು ಟಪಾಲಿನವರದ್ದು, ಹೆಬ್ಬೆರಳಿನ ಜಾಗ ತೂತಾದದ್ದು ಅವನ ಸೋದರತ್ತೆಯದ್ದು. ಒಂದೂ ತಪ್ಪುವುದಿಲ್ಲ. ಒಳಗೆ ಬಂದ ಮೇಲೆ ಅದೇ ಸೋದರತ್ತೆಯ ಮುಖ ನೋಡಿ, "ಇವ್ರು ಯಾರು ಅತ್ಗೆ?" ಎಂದು ನನ್ನ ಕಿವಿಯಲ್ಲಿ ಕೇಳುತ್ತಾನೆ.

ನಾನು ಮದುವೆಯಾಗಿ ಈ ಮನೆಗೆ ಬಂದಾಗ ಅವನಿಗೆ ಆರು ವರ್ಷ. ಅತ್ತೆ ಅದಕ್ಕೂ ಮೊದಲೇ ತೀರಿಹೋಗಿದ್ದರು. ನನ್ನ ಗಂಡ ಭಟ್ಕಳದ ಬಂದರಿನಲ್ಲಿ ದೋಣಿಗಳ ಇಂಜಿನ್ ರಿಪೇರಿ ಮಾಡುವವರು, ಬೆಳಗಿನ ಬಸ್ಸಿಗೆ ಹೋದರೆ ಕತ್ತಲಾದ ಮೇಲೇ ಬರುವವರು. ಹಾಗಾಗಿ ಮೈದುನನಿಗೆ ಉಣ್ಣಿಸುವುದು, ಮೀಯಿಸುವುದು, ನಾಲ್ಕು ಬಡಿಯುವುದು ಎಲ್ಲ ನನ್ನ ಪಾಲಿಗೇ ಬಂತು. ನನ್ನ ಓದು ಎರಡನೇ ಇಯತ್ತೆಗೆ ಮುಗಿದಿತ್ತು. ಅವನ ಓದು ಮುಗಿಯುವ ಲಕ್ಷಣವೇ ಕಾಣಲಿಲ್ಲ. ಓದಿ ಓದಿ ಕಡೆಗೆ ದೂರದ ಪಟ್ಟಣದಲ್ಲಿ ಲೋಹಗಳ ಪರೀಕ್ಷೆ ಮಾಡುವ ಒಂದು ಪ್ರಯೋಗಶಾಲೆ ಸೇರಿದ. ಅಲ್ಲಿ ಕೆಲಸ ಎಂತದು ಎಂದು ಕೇಳಿದೆ.

"ಉಜ್ಜೂದು" ಅಂದ.

"ಉಜ್ಜೂಕೆ ಇಷ್ಟು ಓದ್ಬೇಕಾಗಿತ್ತಾ? ನಾ ಓದ್ದೇನೇ ಉಜ್ತಾ ಬಂದದ್ದು" ಅಂದೆ.

ಸುಳ್ಳಲ್ಲ. ಒಂದು ಲೋಹದ ತುಂಡನ್ನು ತೂಗುವುದು, ತಿರುಗುವ ಚಕ್ರಕ್ಕೆ ಒತ್ತಿ ಉಜ್ಜುವುದು, ಮತ್ತೆ ತೂಗುವುದು. ಎಷ್ಟು ಕಡಿಮೆಯಾಯಿತೋ ಅದು ಸವೆತ. ಇದನ್ನು ಹಗಲಿಡೀ ಮಾಡುತ್ತಾರಂತೆ! ಊರಿಗೆ ಬಂದಾಗಲೂ ಆ ಚಾಳಿ ಬಿಡಲಿಲ್ಲ. ಪುಟ್ಟ ಪೆಟ್ಟಿಗೆಯಲ್ಲಿ ಒಂದು ತಕ್ಕಡಿ ತರುತ್ತಿದ್ದ. ನನ್ನ ದೋಸೆ ಸಟ್ಟುಗ, ಅಣ್ಣನ ಹಳೇ ಬ್ಲೇಡು, ಒಂದು ಸಲ ನನ್ನ ಕಾಲುಂಗುರ, ಯಾವುದನ್ನೂ ಬಿಡಲಿಲ್ಲ. ಕಾಲುಂಗುರ ತೂಗಿ, ಬಲಗಾಲಿನದು ಎಡಗಾಲಿನದಕ್ಕಿಂತ ಹೆಚ್ಚು ಸವೆದಿದೆ, ಎಂತಕ್ಕೆ ಎಂದು ಕೇಳಿದ. ನಿನ್ನಣ್ಣನನ್ನು ಒದೆಯುವುದು ಆ ಕಾಲಿನಲ್ಲೇ ಎಂದೆ. ಅದನ್ನೂ ಪುಸ್ತಕದಲ್ಲಿ ಬರೆದುಕೊಂಡ!

ಇಲ್ಲಿಯ ತನಕ ಎಲ್ಲ ಚೆನ್ನಾಗಿತ್ತು. ಆಮೇಲೆ ಅವನ ಬಾಯಿಗೆ ಒಂದು ಹೆಸರು ಬಂತು.

ಟೈಟೇನಿಯಂ.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಮ್ಮ ಮನೆಗೆ ಆಗಷ್ಟೇ ಫೋನು ಬಂದಿತ್ತು. ಪ್ರತಿ ಭಾನುವಾರ ಅವನ ಫೋನು. ಮೊದಮೊದಲು ಅತ್ತಿಗೆ ಉಂಡೆಯಾ, ಸೊಂಟ ನೋವು ಹೇಗಿದೆ ಎಂದು ಕೇಳುತ್ತಿದ್ದವನು ಈಗ ಎತ್ತಿದರೆ ಟೈಟೇನಿಯಂ. ಅದು ಉಕ್ಕಿನಷ್ಟು ಗಟ್ಟಿ, ಆದರೆ ಹಗುರವಂತೆ. ಸಮುದ್ರದ ಉಪ್ಪುನೀರಿನಲ್ಲಿ ವರ್ಷಗಟ್ಟಲೆ ಬಿದ್ದರೂ ತುಕ್ಕು ಹಿಡಿಯುವುದಿಲ್ಲವಂತೆ. ವಿಮಾನಕ್ಕೂ ಅದೇ ಬೇಕಂತೆ, ಮನುಷ್ಯರ ಸೊಂಟದ ಕೀಲು ಹೋದರೆ ಅಲ್ಲಿ ಕೂರಿಸಲಿಕ್ಕೂ ಅದೇ ಬೇಕಂತೆ. ಹುಡುಗಿಯ ಕಡೆಯವರು ಹುಡುಗಿಯನ್ನು ಹೊಗಳಿದ ಹಾಗೆ ಹೊಗಳುತ್ತಿದ್ದ. ನನಗೆ ಒಳಗೊಳಗೇ ಉರಿ ಹತ್ತಿತು. ಸಾಕಿದವಳು ನಾನು, ಸೊಂಟ ನೋವು ನನ್ನದು, ಹೊಗಳಿಕೆ ಆ ಲೋಹಕ್ಕೆ!

"ಎಲ್ಲ ಗುಣ ಇದ್ದವ್ಳಿಗೆ ಒಂದಾದ್ರೂ ದೋಷ ಇಲ್ವಾ?" ಎಂದು ಕೇಳಿದೆ.

ಇದೆ ಎಂದ. ಉಜ್ಜಿದರೆ ತಡೆಯುವುದಿಲ್ಲ, ಬೇಗ ಸವೆಯುತ್ತದೆ. ಅದೇ ಅವರೆಲ್ಲರ ತಲೆನೋವು.

ಆ ಭಾನುವಾರ ನಾನು ಎರಡು ತುತ್ತು ಹೆಚ್ಚು ಉಂಡೆ. ಉಜ್ಜಿದರೆ ಸವೆಯುವವಳು ನಮ್ಮ ಮನೆಗೆ ಸೊಸೆಯಾಗಿ ಬಂದಿದ್ದರೆ ಒಂದು ಮಳೆಗಾಲ ದಾಟುತ್ತಿರಲಿಲ್ಲ!

ಮುಂದಿನ ರಜೆಯಲ್ಲಿ ಬಂದವನು ಆ ದೋಷಕ್ಕೂ ಮದ್ದು ಮಾಡುತ್ತಿದ್ದೇವೆ ಎಂದ. ಲೇಸರ್ ಎಂಬ ಬೆಳಕಿನ ಕೋಲನ್ನು ಟೈಟೇನಿಯಮ್ಮಿನ ಮೈಮೇಲೆ ಹಾಯಿಸುತ್ತಾರೆ. ಮೇಲಿನ ಪದರ ಮಾತ್ರ ಕರಗುತ್ತದೆ, ಒಳಗಿನದ್ದು ಗಟ್ಟಿಯಾಗಿಯೇ ಇರುತ್ತದೆ. ಕರಗಿದ್ದಕ್ಕೆ ಕಲ್ಲಿಗಿಂತ ಗಟ್ಟಿಯಾದ ಒಂದು ಪುಡಿ ಬೆರೆಸುತ್ತಾರೆ. ಆರಿದ ಮೇಲೆ ಆ ಪುಡಿ ಮೈಗೇ ಕೂಡಿಕೊಂಡು ಲೇಪವಾಗುತ್ತದೆ. ಮೀನಿಗೆ ರವೆ ಹಚ್ಚಿ ಕಾಯಿಸಿದ ಹಾಗಾ ಎಂದೆ. ರವೆ ಉದುರುತ್ತದೆ ಅತ್ತಿಗೆ, ಇದು ಶೇಂಗಾ ಚಿಕ್ಕಿಯ ಹಾಗೆ, ಬೆಲ್ಲ ಆರಿದ ಮೇಲೆ ಬೀಜ ಕಿತ್ತುಬರುವುದಿಲ್ಲ ಎಂದ. ಆದರೆ ಆರುವಾಗ ಲೇಪ ಬಿರುಕು ಬಿಡುತ್ತಿತ್ತಂತೆ. ತಣ್ಣನೆಯ ತಟ್ಟೆಗೆ ಬಿಸಿ ಪಾಕ ಹೊಯ್ದರೆ ಇನ್ನೇನಾಗುತ್ತದೆ, ಮೊದಲು ತಟ್ಟೆ ಬೆಚ್ಚಗೆ ಮಾಡಿ ಎಂದು ಬುದ್ಧಿ ಹೇಳಿದೆ. ಲೋಕಕ್ಕೇ ಗೊತ್ತಿಲ್ಲದ್ದನ್ನು ಹೇಳಿದೆ ಎಂದು ಬೀಗಿದ್ದೆ. "ಅದು ಮೊದ್ಲನೇ ಪಾಠದಲ್ಲೇ ಉಂಟು ಅತ್ಗೆ" ಅಂದ. ಮೂರು ದಿನ ಅವನಿಗೆ ಚಿಕ್ಕಿ ಮಾಡಿಕೊಡಲಿಲ್ಲ.

ಅದೇ ರಜೆಯಲ್ಲಿ ಕುಮಟೆಯಲ್ಲಿ ಒಂದು ಹೆಣ್ಣು ನೋಡಲು ಹೋದೆವು. ಹುಡುಗಿ ಅವಲಕ್ಕಿ ತಂದಿಟ್ಟಳು. ಇವನು ಅವಳ ಮುಖ ನೋಡಲಿಲ್ಲ, ಕೈತೊಳೆಯಲು ಹಿತ್ತಲಿಗೆ ಹೋದವನು ಅಲ್ಲಿ ಒರಳುಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತುಬಿಟ್ಟ. ವಾಪಸು ಬಂದು ಹುಡುಗಿಯ ಅಪ್ಪನಿಗೆ, "ನಿಮ್ಮನೇಲಿ ಅರೆಯೂದು ಒಬ್ರೇ ಅಲ್ದಾ? ಎಡಗೈಯವ್ರು" ಅಂದ. ಹುಡುಗಿ ಎಡಗೈಯವಳೆಂಬುದನ್ನು ಅವರು ಮುಚ್ಚಿಟ್ಟಿದ್ದರು. ಪಾಪ, ಅವಲಕ್ಕಿಯನ್ನು ಬಲಗೈಯಲ್ಲಿ ಬಡಿಸಿ ಬಡಿಸಿ ಅರ್ಧ ನೆಲಕ್ಕೆ ಚೆಲ್ಲಿದ್ದಳು. ಇವನಿಗೆ ಅದು ದೋಷವೇ ಅಲ್ಲ, ಕಲ್ಲು ಎಷ್ಟು ಚೆಂದ ಸವೆದಿದೆ ಎಂದು ಮೆಚ್ಚಿಯೇ ಹೇಳಿದ್ದು. ಅವರಿಗೆ ಅದು ಹಂಗಿಸಿದ ಹಾಗೆ ಕೇಳಿತು. ಸಂಬಂಧ ಅಲ್ಲಿಗೇ ಮುಗಿಯಿತು. ನನಗೆ ಬೇಸರವಾಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಹುಡುಗಿ ಚೆಂದ ಇದ್ದಳು, ಅಡಿಗೆಯೂ ಚೆಂದ ಮಾಡುತ್ತಿದ್ದಳಂತೆ. ಅದೇ ನನಗೆ ಸೇರಿರಲಿಲ್ಲ.

ಈಗ ಹಲ್ಲಿನ ವಿಷಯ.

ನಮ್ಮ ಕಡೆ ತುರಿಮಣೆಯ ಕಬ್ಬಿಣದ ಹಲ್ಲು ಮಳೆಗಾಲದಲ್ಲಿ ಎರಡು ದಿನ ಬಿಟ್ಟರೆ ತುಕ್ಕು. ಮೊದಲ ಹಿಡಿ ಕಾಯಿತುರಿ ಕೆಂಪಗೆ ಬೀಳುತ್ತದೆ. ಇದನ್ನು ನಾನು ಗೊಣಗಿದ್ದು ಅವನ ತಲೆಯಲ್ಲಿ ಕೂತಿತ್ತು. ಒಂದು ಚೌತಿಯ ರಜೆಗೆ ಬಂದಾಗ ಬಟ್ಟೆಯಲ್ಲಿ ಸುತ್ತಿಕೊಂಡು ಎರಡು ಟೈಟೇನಿಯಂ ಹಲ್ಲು ತಂದ. ಪ್ರಯೋಗ ಮಾಡಿ ಉಳಿದ ಚೂರುಗಳನ್ನು ಮೇಲಿನವರ ಹತ್ತಿರ ಕೇಳಿ ಮಾಡಿಸಿದ್ದಂತೆ. ಎರಡೂ ಬೂದಿ ಬಣ್ಣ. ಒಂದರ ಬೆನ್ನಿಗೆ ಮೀನಿನ ಹುರುಪೆಯ ಹಾಗೆ ಒತ್ತೊತ್ತಾಗಿ ಗೆರೆ, ಅದು ಲೇಪದ್ದು. ಇನ್ನೊಂದು ನುಣ್ಣಗೆ, ಲೇಪವಿಲ್ಲದ್ದು. ಚಕ್ರ ಉಜ್ಜಿದ್ದು ಬೇರೆ, ಮನುಷ್ಯರ ಕೈ ಉಜ್ಜಿದ್ದು ಬೇರೆ, ಅದಕ್ಕೇ ಎರಡು ಅಡಿಗೆಮನೆಯಲ್ಲಿ ಮುನ್ನೂರು ಮುನ್ನೂರು ಕಾಯಿ ತುರಿಸಿ ಸವೆತ ನೋಡಬೇಕು ಎಂದ. ನಾನು ಕೈ ಚಾಚಿದೆ. ನುಣ್ಣನೆಯದನ್ನು ಕೊಟ್ಟ.

"ಲೇಪದ್ದು?"

"ಅದು ಹೊನ್ನಾವರದ ಖಾನಾವಳಿಯವ್ರಿಗೆ."

ಬಸ್‌ಸ್ಟ್ಯಾಂಡಿನ ಹತ್ತಿರ ಊಟ ಹಾಕುವ ಹೆಂಗಸು ಅವಳು. ಕಾಲೇಜಿಗೆ ಹೋಗುವಾಗ ಇವನು ಅಲ್ಲಿ ಉಣ್ಣುತ್ತಿದ್ದ. ಎರಡು ವರ್ಷ ಹಾಕಿದವಳಿಗೆ ಲೇಪದ ಹಲ್ಲು! ಇಷ್ಟು ವರ್ಷ ಹಾಕಿದವಳಿಗೆ ಸವೆಯುವ ಹಲ್ಲು! ಸವತಿ ಬಂದಿದ್ದರೂ ನನಗೆ ಅಷ್ಟು ಉರಿಯುತ್ತಿರಲಿಲ್ಲ.

ಅವನು ಹೋದ ಮರುದಿನದಿಂದ ತುರಿಯತೊಡಗಿದೆ. ಒಂದು ಕಾಯಿಗೆ ಗೋಡೆಯ ಮೇಲೆ ಮಸಿಯಲ್ಲಿ ಒಂದು ಗೀಟು. ಖಾನಾವಳಿಯವಳು ದಿನಕ್ಕೆ ಹತ್ತಿಪ್ಪತ್ತು ತುರಿಯುತ್ತಾಳೆ, ಅವಳಿಗಿಂತ ಮೊದಲು ಮುಗಿಸಬೇಕು. ಸಾರಿಗೆ ಕಾಯಿ, ಪಲ್ಯಕ್ಕೆ ಕಾಯಿ, ಮಜ್ಜಿಗೆಗೆ ಕಾಯಿ. ನೆರೆಮನೆಗೆಲ್ಲ ತುರಿ ಹಂಚಿದೆ. ಮನೆಯಲ್ಲಿ ಯಾರ ಮದುವೆ ಎಂದು ಕೇಳತೊಡಗಿದರು. ನನ್ನ ಗಂಡ ಎಂಟು ದಿನ ತಡೆದರು.

"ನಾಳೆ ಚಾಕ್ಕೂ ಕಾಯಿ ಹಾಕ್ತೆಯೇನೆ?"

"ಹಾಕ್ಬೇಕಾ?" ಎಂದೆ. ಎದ್ದು ಹೋದರು.

ನೂರು ಗೀಟು ಆಗುವಷ್ಟರಲ್ಲಿ ನನ್ನ ಹಲ್ಲಿನ ಮೊನೆಯೆಲ್ಲ ಮೊಂಡಾಯಿತು. ತುರಿ ಬೀಳುವ ಬದಲು ಕಾಯಿ ಜಾರುತ್ತಿತ್ತು. ಆ ಹೆಂಗಸಿನದು ಹೇಗಿದೆ ಎಂದು ನೋಡದೆ ಇರಲಾಗಲಿಲ್ಲ. ನನ್ನದನ್ನು ಬಿಚ್ಚಿ ಚೀಲಕ್ಕೆ ಹಾಕಿಕೊಂಡು ಹೊನ್ನಾವರದ ಬಸ್ಸು ಹತ್ತಿದೆ.

"ಬನ್ನಿ ಅಕ್ಕಾ, ಕೂತ್ಕಣಿ" ಎಂದಳು. ಒಳ್ಳೆ ಹೆಂಗಸು, ಅದೂ ನನಗೆ ಸಿಟ್ಟೇ. ನೂರಾ ಎಪ್ಪತ್ತು ಕಾಯಿ ಆಯಿತು, ಮೊದಲ ದಿನದ ಹಾಗೇ ಇದೆ, ನಿಮ್ಮ ಮೈದುನ ಬಲು ಬುದ್ಧಿವಂತ ಎಂದಳು. ನಮ್ಮ ಮೈದುನ ಬುದ್ಧಿವಂತ ಎಂದು ನನಗೆ ಇವಳು ಹೇಳಬೇಕೆ! ಬೆರಳು ಇಟ್ಟು ನೋಡಿದೆ. ಮುಳ್ಳಿನ ಹಾಗೆ ಚುಚ್ಚಿತು. ಅವಳು ಉಣ್ಣುವವರಿಗೆ ಅನ್ನ ಬಡಿಸಲು ಹೊರಗೆ ಹೋದಳು. ಅಡಿಗೆಮನೆಯಲ್ಲಿ ನಾನು ಮತ್ತು ತುರಿಮಣೆ. ಎರಡು ತಿರುಪು.

ಬದಲಾಯಿಸಿದೆ. ಅಷ್ಟೇ. ನನ್ನ ಮೊಂಡು ಹಲ್ಲು ಅವಳ ಮಣೆಗೆ, ಅವಳದು ನನ್ನ ಚೀಲಕ್ಕೆ. ಅವಳು ಹಾಕಿದ ಊಟವನ್ನೂ ಉಂಡು ಬಂದೆ.

ಮನೆಯಲ್ಲಿ ಈ ಹೊಸ ಹಲ್ಲನ್ನು ನನ್ನ ಗಂಡ ನೋಡಿದರು. ಮೊಂಡಾಗಿದೆ ಎಂದು ಹೇಳುತ್ತಿದ್ದೆಯಲ್ಲ, ಕೊಡು ಮಸೆದು ಕೊಡುತ್ತೇನೆ ಎಂದು ನಾನು ಬೇಡವೆನ್ನುವಷ್ಟರಲ್ಲಿ ಬಂದರಿನಿಂದ ತಂದ ಅರ ತೆಗೆದು ಉಜ್ಜಿಯೇ ಉಜ್ಜಿದರು. ಕರ್‍ರೆಂದು ಸದ್ದು ಬಂತೇ ಹೊರತು ಹಲ್ಲಿಗೆ ಗೀರೂ ಬೀಳಲಿಲ್ಲ. ಕೊನೆಗೆ ಅರವನ್ನು ಬೆಳಕಿಗೆ ಹಿಡಿದು ನೋಡಿದರು. ನಡುವೆ ಅಂಗೈ ಅಗಲ ನುಣ್ಣಗಾಗಿತ್ತು! ಇಂಜಿನ್ನಿನ ಉಕ್ಕನ್ನು ತಿಂದ ಅರ ಅದು. ಅಂದಿನಿಂದ ತಮ್ಮನ ಕೆಲಸದ ಬಗ್ಗೆ ಅವರು ಹಗುರವಾಗಿ ಮಾತಾಡಲಿಲ್ಲ. ನಾನು ಮಾತ್ರ ಉಳಿದ ಇನ್ನೂರು ಕಾಯಿಯನ್ನು ಹಾಡು ಹೇಳಿಕೊಂಡು ತುರಿದೆ.

ದೀಪಾವಳಿಗೆ ಬಂದ. ಬರುವಾಗಲೇ ಹೊನ್ನಾವರದಲ್ಲಿ ಇಳಿದು, ಅಲ್ಲೇ ಉಂಡು, ಅವಳು ಬಟ್ಟೆಯಲ್ಲಿ ಸುತ್ತಿ ಕೊಟ್ಟ ಹಲ್ಲನ್ನು ಬಿಚ್ಚಿಯೂ ನೋಡದೆ ತಂದಿದ್ದ. ಉಂಡು ಬಂದಿದ್ದಾನೆ! ಲೇಪದ ಹಲ್ಲು ಇದ್ದಕ್ಕಿದ್ದಂತೆ ಮೊಂಡಾಯಿತೆಂದು ಅವಳು ಅವನ ಮುಂದೆ ಅತ್ತಿದ್ದಳಂತೆ. ಅವನ ಮುಖ ನೋಡಲಾಗುತ್ತಿರಲಿಲ್ಲ. ಅಲ್ಲಿ ಪ್ರಯೋಗಶಾಲೆಯಲ್ಲಿ ಈ ಲೇಪ ನಿಲ್ಲುತ್ತದೆಂದು ಎದೆ ತಟ್ಟಿ ಹೇಳಿದವನು ಅವನೇ. ನಿಲ್ಲದಿದ್ದರೆ ಬೇರೆಯವರ ಪುಡಿಯನ್ನು ಆರಿಸುತ್ತಾರೆ, ಕೆಲಸವೂ ಬೇರೆಯವರ ಕೈಗೆ ಹೋಗುತ್ತದೆ. ಎರಡು ವರ್ಷದ ದುಡಿತ ಹೋಗುತ್ತದೆ.

ಹಲ್ಲು ಬದಲಾಯಿಸುವಾಗ ನನಗೆ ಅಷ್ಟೆಲ್ಲ ಗೊತ್ತಿರಲಿಲ್ಲ. ಅಡಿಗೆಮನೆಯ ಬಾಗಿಲಿಗೆ ಆತು ನಿಂತೆ. ಅವನು ನನ್ನ ಮಣೆಯ ಹಲ್ಲು ಬಿಚ್ಚಿದ, ಹೊನ್ನಾವರದ ಹಲ್ಲನ್ನೂ ಬಟ್ಟೆಯಿಂದ ತೆಗೆದ. ತಕ್ಕಡಿ ತೆಗೆಯಲಿಲ್ಲ, ಬೆನ್ನಿನ ಗೆರೆಯನ್ನೂ ತಿರುಗಿಸಿ ನೋಡಲಿಲ್ಲ. ಎರಡನ್ನೂ ಕಿಟಕಿಯ ಬೆಳಕಿಗೆ ಹಿಡಿದು ಮೊನೆ ನೋಡಿದ.

"ಎರಡ್ರಲ್ಲೂ ನಿನ್ನ ಕೈ ಉಂಟಲ್ಲ ಅತ್ಗೆ" ಅಂದ.

ನಾನು ಒಪ್ಪಿಕೊಳ್ಳುವ ಪೈಕಿಯಲ್ಲ. ಆದರೂ ಒಪ್ಪಿಕೊಂಡೆ. ಆಮೇಲೆ ಬಾಯಿ ಸುಮ್ಮನಿರಲಿಲ್ಲ. "ಒಳ್ಳೇದು ಅವ್ಳಿಗೆ, ಕೆಟ್ಟದ್ದು ನಂಗೆ. ನಾ ಎಂತ ಮಾಡ್ಬೇಕಾಗಿತ್ತು?" ಎಂದೆ.

"ಲೇಪದ್ದು ಯಾರ ಕೈಗೆ ಕೊಟ್ರೂ ಆತಿತ್ತು" ಅಂದ. "ಲೇಪ ಇಲ್ಲದ್ದು ಎಷ್ಟು ಸವೀತದೆ ಅಂತ ಸರಿಯಾಗಿ ಗೊತ್ತಾಗ್ದೆ ಇದ್ರೆ ಯಾವ ಲೆಕ್ಕನೂ ಇಲ್ಲ. ಅದ್ಕೆ ದಿನಾ ಒಂದೇ ನಮೂನೆ ತುರಿಯೂ ಕೈ ಬೇಕು. ಅಂಥಾ ಕೈ ನಂಗೆ ಒಂದೇ ಗೊತ್ತಿದ್ದದ್ದು."

ನನಗೆ ಇನ್ನೂ ಸೋಲಲು ಮನಸ್ಸಿಲ್ಲ. ಕೈಯ ಗುರುತು ಲೋಹದ ಮೇಲೆ ಹೇಗೆ ಕಂಡೀತು, ಸುಮ್ಮನೆ ಹೇಳಬೇಡ ಎಂದೆ. ಎಡಗಡೆಯ ಮೊನೆಗಳನ್ನು ತೋರಿಸಿದ. ಒಂದರಲ್ಲಿ ಎಡಗಡೆ ಪೂರಾ ಮೊಂಡು, ಇನ್ನೊಂದರಲ್ಲಿ ಕೂದಲೆಳೆಯಷ್ಟು. ಖಾನಾವಳಿಯವಳು ನೆಟ್ಟಗೆ ತುರಿಯುತ್ತಾಳೆ. ಊರಲ್ಲೆಲ್ಲ ನೆಟ್ಟಗೆ ತುರಿಯುತ್ತಾರೆ. ನಾನೊಬ್ಬಳೇ ಕಾಯಿಯನ್ನು ಎಡಕ್ಕೆ ವಾಲಿಸಿ ತುರಿಯುವವಳಂತೆ.

"ಎಂತಕ್ಕೆ ಅಂತ ಗೊತ್ತುಂಟಾ?" ಎಂದು ಕೇಳಿದ.

ನನಗೆ ಗೊತ್ತಿರಲಿಲ್ಲ. ಎಡಕ್ಕೆ ವಾಲಿಸುತ್ತೇನೆಂಬುದೇ ಗೊತ್ತಿರಲಿಲ್ಲ.

"ನಾ ಬಲಗಡೆ ಕೂತ್ಕಂಡು ತುರಿಗೆ ಕೈ ಹಾಕ್ತಿದ್ದೆ ಅಲ್ದಾ, ಸಣ್ಣಂವ ಇದ್ದಾಗ. ಬೆರಳಿಗೆ ಹಲ್ಲು ತಾಗ್ತದೆ ಅಂತ ನೀ ಕಾಯಿನ ಆಚೆ ವಾಲಿಸ್ತಿದ್ದೆ. ಆಮೇಲೆ ಹಾಂಗೇ ಉಳೀತು."

ಆ ಮೊಂಡು ಹಲ್ಲನ್ನು ಅವನ ಕೈಯಿಂದ ತೆಗೆದುಕೊಂಡು ಸೆರಗಿನಲ್ಲಿ ಒರೆಸಿದೆ.

ಮತ್ತೆ ಮೊದಲಿಂದ ಮುನ್ನೂರು ಆಗಬೇಕು ಎಂದ. ಆಗಲಿ, ಲೇಪ ಇಲ್ಲದ್ದನ್ನೇ ಹೊಸತು ತಂದು ನನಗೆ ಕೊಡು, ಹೊನ್ನಾವರಕ್ಕೆ ಲೇಪದ್ದು ನಾನೇ ಒಯ್ದು ಕೊಡುತ್ತೇನೆ ಎಂದೆ. ಗೋಡೆಯ ಗೀಟುಗಳನ್ನು ಒದ್ದೆ ಬಟ್ಟೆಯಲ್ಲಿ ಅವನೇ ಒರೆಸಿದ. ಆಮೇಲೆ ಲೇಪದ ಹಲ್ಲನ್ನು ಮಣೆಗೆ ತಿರುಪಿ, ಇವತ್ತಿನ ಸಾರಿಗೆ ನಾನು ತುರಿಯುತ್ತೇನೆ ಎಂದು ಕೂತ. ಅಷ್ಟು ಓದಿದವನಿಗೆ ಕಾಯಿ ಹಿಡಿಯಲು ಬರುವುದಿಲ್ಲ. ಬಿಳಿ ತುರಿಯ ಜೊತೆ ಕರಟದ ಪುಡಿಯೂ ಬೀಳುತ್ತಿತ್ತು. ಬಯ್ಯಬೇಕೆಂದು ಹತ್ತಿರ ಹೋಗಿ, ಮೊಣಕಾಲು ಹಿಡಿದುಕೊಂಡು ಅವನ ಬಲಗಡೆ ಕೂತೆ. ಬಯ್ಯಲಿಲ್ಲ. ಒಂದು ಚಿಟಿಕೆ ತುರಿಗೆ ಕೈ ಹಾಕಿದೆ.

ಅವನು ಕಾಯಿಯನ್ನು ಎಡಕ್ಕೆ ವಾಲಿಸಿದ.