ಹಂತಕನ ಎರಡೂ ಕಿವಿ

ಮಡಂತ್ಯಾರು ಪೇಟೆಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಸ್ಟುಡಿಯೊ ನಡೆಸುತ್ತಿರುವ ನನಗೆ ಫೋಟೊ ತೆಗೆಯುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ ಎಂಬುದು ನನ್ನ ದೃಢವಾದ ನಂಬಿಕೆಯಾಗಿತ್ತು. ಅಳುವ ಮಗುವನ್ನು ನಗಿಸಿದ್ದೇನೆ. ಹಲ್ಲು ಕಿರಿಯುವ ಮದುಮಗನನ್ನು ಗಂಭೀರನನ್ನಾಗಿ ಮಾಡಿದ್ದೇನೆ. ಟೈ ಇಲ್ಲದವರಿಗೆ ಕಂಪ್ಯೂಟರಿನಲ್ಲೇ ಟೈ ಕಟ್ಟಿ ಕಳಿಸಿದ್ದೇನೆ. ಕೊರತೆ ಇದ್ದದ್ದು ಒಂದೇ. ಮೂಡುಬಿದಿರೆಯ ಛಾಯಾಚಿತ್ರ ಸಂಘದವರು ನನ್ನನ್ನು ಕಲಾವಿದ ಎಂದು ಒಪ್ಪಿರಲಿಲ್ಲ. ಸಂಘದ ಸದಸ್ಯನಾಗಬೇಕಾದರೆ ಅವರ ವಾರ್ಷಿಕ ಪ್ರದರ್ಶನದಲ್ಲಿ ನಮ್ಮ ಚಿತ್ರಗಳು ತೀರ್ಪುಗಾರರಿಗೆ ಒಪ್ಪಿಗೆಯಾಗಬೇಕು. ನನ್ನವು ಎರಡು ಸಲ ಆಗಿರಲಿಲ್ಲ. ಮೂರನೆಯ ಸಲವೂ ಆಗದಿದ್ದರೆ ಮತ್ತೆ ಅರ್ಜಿ ಹಾಕುವಂತಿಲ್ಲ ಎಂಬುದು ನಿಯಮ.

ಇಷ್ಟು ಗೊತ್ತಿದ್ದೂ ನನ್ನ ಹೆಂಡತಿ ಸುಮತಿ ನರಿಕೊಂಬಿನ ತನ್ನ ತವರಿನವರನ್ನೆಲ್ಲ ಈ ಸಲದ ಪ್ರದರ್ಶನಕ್ಕೆ ಕರೆದಿದ್ದಳು. ಕರೆಯಲು ಹೇಳಿದವನು ನಾನೇ.

ಆಮೇಲೆ ಪ್ರದರ್ಶನದ ವಿಷಯ ಪ್ರಕಟವಾಯಿತು. "ಹಂತಕ. ಮೂರು ಚಿತ್ರಗಳ ಸರಣಿ." ನಾನು ಅದನ್ನು ನಾಲ್ಕು ಸಲ ಓದಿದೆ. ತಲೆಬುಡ ತಿಳಿಯಲಿಲ್ಲ. ಸಂಘದ ಕಾರ್ಯದರ್ಶಿ ಪದ್ಮರಾಜ ಮಾಸ್ಟ್ರಿಗೆ ಫೋನ್ ಮಾಡಿದೆ. ಅವರು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸಿ ನಿವೃತ್ತರಾದವರು.

"ಸರ್, ಇದಕ್ಕೆ ಜೈಲಿಗೆ ಹೋಗಬೇಕಾಗ್ತದಾ?"

"ಬೇಡ ಮಾರಾಯ್ರೆ. ಅಡಗಿ ಕೂತು ಕೊಲ್ಲುವಂಥದ್ದು ಯಾವುದಾದರೂ ಆಗ್ತದೆ. ಕೀಟ ಆಗಬಹುದು, ವಿಡಿಯೊ ಗೇಮಿನ ಪಾತ್ರ ಆಗಬಹುದು, ಆಟಿಕೆಯೂ ಆಗಬಹುದು."

"ಸೊಳ್ಳೆ ಆಗ್ತದಾ?"

"ಸೊಳ್ಳೆ ಅಡಗುವುದು ಎಲ್ಲಿ? ಅದು ಹಾಡಿಕೊಂಡೇ ಬರ್ತದಲ್ಲ. ಮುರಕಲ್ಲಿನ ಗೋಡೆಯ ಸಂದಿಯಲ್ಲಿ ಇರುವೆ ತಿನ್ನುವ ಒಂದು ಜಾತಿಯ ತಿಗಣೆ ಉಂಟು. ಇಂಗ್ಲಿಷಿನಲ್ಲಿ ಅಸಾಸಿನ್ ಬಗ್, ಹಂತಕ ತಿಗಣೆ ಅಂತಲೇ ಅದಕ್ಕೆ ಹೆಸರು. ಸಿಕ್ಕಿದರೆ ನಿಮ್ಮ ಪುಣ್ಯ."

ಪುಣ್ಯವಂತ ನಾನು. ಮೂರನೆಯ ದಿನ ಬೆಳಿಗ್ಗೆ ಸುಮತಿ ನಮ್ಮ ಮನೆಯ ಕಂಪೌಂಡಿನ ಹತ್ತಿರ ನಿಂತು ಕರೆದಳು. "ಇಲ್ಲಿ ಬನ್ನಿ. ಮಣ್ಣಿನ ಉಂಡೆ ನಡೆದುಕೊಂಡು ಹೋಗ್ತಾ ಉಂಟು."

ನಿಜ. ಉಂಡೆಗೆ ಆರು ಕಾಲುಗಳಿದ್ದವು. ಬೆನ್ನಿನ ಮೇಲೆ ಧೂಳು, ಕಸ, ಆರೇಳು ಸತ್ತ ಇರುವೆಗಳು. ಇಂಥ ಅವತಾರದಲ್ಲಿ ಯಾರಾದರೂ ಕ್ಯಾಮೆರಾದ ಎದುರು ಬರುತ್ತಾರೆಯೆ? ಮದುಮಗಳ ಕುತ್ತಿಗೆಯಲ್ಲಿ ಹೆಚ್ಚಾದ ಪೌಡರ್ ಒರೆಸುವ ಮೆತ್ತಗಿನ ಬ್ರಶ್ ತಂದು, ಅರ್ಧ ಗಂಟೆ ಕೂತು, ಅದರ ಮೈಯನ್ನೆಲ್ಲ ಗುಡಿಸಿದೆ. ಒಳಗಿನಿಂದ ಲಕ್ಷಣವಾದ ಕಂದು ಬಣ್ಣದ ಕೀಟವೊಂದು ಹೊರಬಂತು. ಹೊರಬಂದದ್ದೇ ನನ್ನ ಹೆಬ್ಬೆರಳಿಗೆ ಸೂಜಿ ಚುಚ್ಚಿದ ಹಾಗೆ ಚುಚ್ಚಿತು. ನಾನು ಅಂಗಳದಲ್ಲಿ ಎರಡು ಸುತ್ತು ಓಡಿದೆ.

"ಅದಕ್ಕೆ ಫೋಟೊ ಬೇಡ ಅಂತ ಕಾಣ್ತದೆ" ಎಂದಳು ಸುಮತಿ.

ನಾನು ಕೇಳಲಿಲ್ಲ. ಬಿಳಿ ಕಾಗದದ ಮೇಲೆ ನಿಲ್ಲಿಸಿ, ಎರಡೂ ಕಡೆಯಿಂದ ಲೈಟ್ ಹಾಕಿ, ನೆಟ್ಟಗೆ ತೆಗೆದೆ. ಒಂದು ಮುಗಿಯಿತು.

ಎರಡನೆಯದಕ್ಕೆ ನರಿಕೊಂಬಿಗೆ ಹೋದೆ. ಅಲ್ಲಿ ಸುಮತಿಯ ತಮ್ಮ ಹರೀಶ ಇದ್ದಾನೆ. ನಲವತ್ತು ವರ್ಷ, ಜೀವವಿಮೆಯ ಏಜೆಂಟ್. ಬಾಗಿಲು ಹಾಕಿಕೊಂಡು ಟಿ.ವಿ.ಯಲ್ಲಿ ಹಂತಕರ ಆಟ ಆಡುತ್ತಾನೆಂಬ ಸಂಗತಿ ಮನೆಯವರ ಹೊರತು ಯಾರಿಗೂ ಗೊತ್ತಿರಲಿಲ್ಲ. ಪರದೆಯ ಮೇಲೆ ಯಾವುದೋ ಮನೆಯ ಮಾಡಿನ ಮೇಲೆ ಕತ್ತಲಲ್ಲಿ, ತಲೆಗೆ ಟೊಪ್ಪಿ ಎಳೆದುಕೊಂಡು ಒಬ್ಬ ಕುಕ್ಕರಗಾಲಿನಲ್ಲಿ ಕೂತಿದ್ದ.

"ಇವನ ಟೊಪ್ಪಿ ತೆಗೆಸು ಹರೀಶ. ಎರಡೂ ಕಿವಿ ಕಾಣಬೇಕು."

"ಟೊಪ್ಪಿ ತೆಗೆದರೆ ಗುರುತು ಸಿಗ್ತದೆ ಭಾವ. ಕಾವಲಿನವರು ಕೊಂದುಬಿಡ್ತಾರೆ."

"ಸಿಗಲಿ ಮಾರಾಯ. ಗುರುತು ಸಿಗಲಿಕ್ಕಲ್ವಾ ಫೋಟೊ ತೆಗೆಯುವುದು?"

ಹರೀಶ ಭಾವನ ಮಾತು ಮೀರುವವನಲ್ಲ. ಟೊಪ್ಪಿ ತೆಗೆಸಿ, ಹಂತಕನನ್ನು ನಡು ಮಧ್ಯಾಹ್ನದ ಸಂತೆಯ ಮಧ್ಯೆ ತಂದು ನಿಲ್ಲಿಸಿದ. ನಾನು "ರೆಡಿ" ಎನ್ನುವಷ್ಟರಲ್ಲಿ ಕಾವಲಿನವರು ಅವನನ್ನು ಮುಗಿಸಿದರು. ಹೀಗೆ ಹನ್ನೊಂದು ಸಲ. "ಇವನಿಗೆ ಒಂದು ಕ್ಷಣ ಅಲ್ಲಾಡದೆ ನಿಲ್ಲಲಿಕ್ಕೆ ಹೇಳು" ಎಂದೆ. "ನಿಂತದ್ದಕ್ಕೇ ಸಾಯ್ತಾ ಇದ್ದಾನೆ ಭಾವ" ಎಂದ ಹರೀಶ. ಮೂರು ತಿಂಗಳು ಆಡಿ ಗಳಿಸಿದ್ದೆಲ್ಲ ಹೋಯಿತಂತೆ. ಹನ್ನೆರಡನೆಯ ಸಲ ಕಿವಿ, ಗಲ್ಲ, ಭುಜ ಎಲ್ಲ ಸಿಕ್ಕಿದವು.

ಮೂರನೆಯದು ಆಟಿಕೆ. ಮೂಡುಬಿದಿರೆ ಬಸ್ ಸ್ಟ್ಯಾಂಡಿನ ಹತ್ತಿರದ ಅಂಗಡಿಯಲ್ಲಿ ಕಪ್ಪು ಬಟ್ಟೆಯ, ಮುಖ ಮುಚ್ಚಿಕೊಂಡ, ಗೇಣುದ್ದದ ಕತ್ತಿವೀರನೊಬ್ಬ ಸಿಕ್ಕಿದ. ಮನೆಗೆ ತಂದು ಮುಖದ ಬಟ್ಟೆ ಬಿಚ್ಚಿದರೆ ಒಳಗೆ ಮುಖವೇ ಇಲ್ಲ. ಕಣ್ಣಿಲ್ಲ, ಮೂಗಿಲ್ಲ, ಮೊಟ್ಟೆಯ ಹಾಗೆ ನುಣ್ಣಗೆ ಉಂಟು.

"ಆ ಬಟ್ಟೆ ವಾಪಸ್ ಕಟ್ಟಿ, ಸಾಕು" ಎಂದಳು ಸುಮತಿ.

"ಮುಖ ಇಲ್ಲದ ಫೋಟೊ ಈ ಸ್ಟುಡಿಯೊದಿಂದ ಇದುವರೆಗೆ ಹೊರಗೆ ಹೋಗಿಲ್ಲ" ಎಂದೆ ನಾನು. ಕಂಪ್ಯೂಟರಿನಲ್ಲಿ ಹುಡುಕಿದಾಗ ಹರೀಶನ ಹಳೆಯ ಫೋಟೊ ಕಣ್ಣಿಗೆ ಬಿತ್ತು. ಒಳ್ಳೆಯ ಮುಖ. ಆಟಿಕೆಯ ಫೋಟೊ ತೆಗೆದು, ಅದರ ಮೇಲೆ ಅಂಟಿಸಿದೆ. ಸಾಸಿವೆಯಷ್ಟು ಚಿಕ್ಕದಾಗಿತ್ತು, ಯಾರಿಗೆ ಗೊತ್ತಾಗುತ್ತದೆ ಎಂದುಕೊಂಡೆ. ಸಂಘದವರು ಎಲ್ಲರ ಚಿತ್ರಗಳನ್ನೂ ಎರಡಡಿ ಅಗಲಕ್ಕೆ ಪ್ರಿಂಟ್ ಮಾಡಿಸುತ್ತಾರೆಂಬುದು ನನಗೆ ಹೊಳೆಯಲೇ ಇಲ್ಲ.

ಪ್ರದರ್ಶನದ ದಿನ ಸಭಾಂಗಣದಲ್ಲಿ ಬೇರೆಯವರ ಚಿತ್ರಗಳನ್ನು ನೋಡಿ ನನಗೆ ಕನಿಕರ ಉಂಟಾಯಿತು. ಎಲ್ಲ ಕತ್ತಲೆ. ಎಲ್ಲೋ ಒಂದು ಕಾಲು, ಯಾವುದರದ್ದೋ ನೆರಳು, ಎಲೆಯ ಹಿಂದೆ ಅರ್ಧ ಕಣ್ಣು. ಪಾಪ, ಒಬ್ಬರಿಗೂ ಲೈಟ್ ಹಾಕುವ ಕ್ರಮ ಗೊತ್ತಿಲ್ಲ. ನನ್ನ ಮೂವರು ಮಾತ್ರ ಎದೆ ಸೆಟೆದು ಬೆಳಕಿನಲ್ಲಿ ನಿಂತಿದ್ದರು.

ನರಿಕೊಂಬಿನ ಬಳಗ ಬಂತು. ನನ್ನ ಅತ್ತೆ ಮೂರನೆಯ ಚಿತ್ರದ ಎದುರು ನಿಂತು, ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಸುಮತೀ, ಇದು ನಮ್ಮ ಹರೀಶ ಅಲ್ವಾ? ಕೈಯಲ್ಲಿ ಕತ್ತಿ ಯಾಕೆ?"

ಅದೇ ಹೊತ್ತಿಗೆ ಹರೀಶ ಸ್ಥಳೀಯ ಉಪನ್ಯಾಸಕರೊಬ್ಬರನ್ನು ಕರೆದುಕೊಂಡು ಬಂದ. "ಭಾವ, ಇವರು ಇವತ್ತು ನನ್ನ ಹತ್ತಿರ ಜೀವವಿಮೆ ಮಾಡಿಸ್ತಾರೆ" ಎಂದು ಖುಷಿಯಿಂದ ಹೇಳಿದ. ಉಪನ್ಯಾಸಕರು ಗೋಡೆ ನೋಡಿದರು. ಹರೀಶನನ್ನು ನೋಡಿದರು. ಚಿತ್ರದ ಕೆಳಗೆ ಬರೆದಿದ್ದ "ಹಂತಕ – ೩" ಓದಿದರು. "ಸ್ವಲ್ಪ ಆಲೋಚನೆ ಮಾಡಿ ಹೇಳ್ತೇನೆ" ಎಂದು ಹೊರಟೇಹೋದರು. ಹರೀಶ ಅವರ ಹಿಂದೆಯೇ ಓಡಿದ.

ಇಬ್ಬರು ತೀರ್ಪುಗಾರರೊಂದಿಗೆ ಪದ್ಮರಾಜ ಮಾಸ್ಟ್ರು ಬಂದು ಕೀಟದ ಎದುರು ನಿಂತರು.

"ಇದರ ಬೆನ್ನಿನ ಮೇಲೆ ಏನೂ ಇರಲಿಲ್ವಾ?"

"ಇತ್ತು ಸರ್. ಧೂಳು, ಸತ್ತ ಇರುವೆ. ಎಲ್ಲ ಗುಡಿಸಿ ಕ್ಲೀನ್ ಮಾಡಿದೆ."

ಮಾಸ್ಟ್ರು ಹತ್ತಿರದ ಕುರ್ಚಿಯಲ್ಲಿ ಕುಳಿತರು. "ತಾನು ಕೊಂದ ಇರುವೆಗಳನ್ನೇ ಹೊತ್ತುಕೊಂಡು ಅಡಗುವ ಕೀಟ ಮಾರಾಯ್ರೆ ಅದು. ನನಗೆ ಇಷ್ಟು ವರ್ಷದಲ್ಲಿ ಕಾಣಲಿಕ್ಕೆ ಸಿಕ್ಕಿದ್ದು ಎರಡೇ ಸಲ. ನೀವು ಅದಕ್ಕೆ ಸ್ನಾನ ಮಾಡಿಸಿದ್ದೀರಿ."

"ಕೊಳಕಾಗಿತ್ತಲ್ಲ ಸರ್" ಎಂದೆ. ನನಗೆ ಆಗಲೂ ತಪ್ಪು ಏನೆಂದು ಸರಿಯಾಗಿ ತಿಳಿದಿರಲಿಲ್ಲ.

ಫಲಿತಾಂಶ ಓದಿದರು. ನನ್ನ ಹೆಸರು ಇರಲಿಲ್ಲ. ಇನ್ನು ಮುಂದೆ ಬರುವ ಹಾಗೂ ಇಲ್ಲ. ತನ್ನ ತಾಯಿಯ ಎದುರು ಸುಮತಿ ತಲೆ ತಗ್ಗಿಸಿ ಸೆರಗು ಸರಿಮಾಡಿಕೊಂಡದ್ದನ್ನು ನೋಡಿದಾಗ ನನಗೆ ನಿಜವಾಗಿಯೂ ದುಃಖವಾಯಿತು. ಗಾಡಿಯ ಕೀಲಿ ಹುಡುಕುತ್ತಾ ಬಾಗಿಲ ಕಡೆ ನಡೆದೆ.

ಹಿಂದಿನಿಂದ ಮಾಸ್ಟ್ರು ಕರೆದರು. ತಿರುಗಿ ನಿಂತೆ. ನಿಯಮ ಸಡಿಲಿಸಿರಬಹುದು ಎಂದುಕೊಂಡೆ. ಅವರು ಆಚೀಚೆ ನೋಡಿ ದನಿ ತಗ್ಗಿಸಿದರು.

"ಬೇಸರ ಮಾಡ್ಬೇಡಿ. ನಾವು ಗಂಡ ಹೆಂಡತಿ ಮಗಳ ಮನೆಗೆ ಮಸ್ಕತ್ತಿಗೆ ಹೋಗ್ಲಿಕ್ಕುಂಟು. ನಮ್ಮ ಸಂಘದವರೇ ತೆಗೆದುಕೊಟ್ಟ ಫೋಟೊ ವೀಸಾದವರು ಎರಡು ಸಲ ವಾಪಸ್ ಕಳಿಸಿದ್ರು, ಮುಖ ಕಾಣುವುದಿಲ್ಲ ಅಂತ. ನಿಮ್ಮ ಅಂಗಡಿ ಬೆಳಿಗ್ಗೆ ಎಷ್ಟು ಗಂಟೆಗೆ?"

ಅವರ ಬೆನ್ನ ಹಿಂದೆ ಆ ಇಬ್ಬರು ತೀರ್ಪುಗಾರರೂ ಉತ್ತರಕ್ಕಾಗಿ ಕಾಯುತ್ತಿದ್ದರು. ಒಬ್ಬ ಕಲಾವಿದನಾಗಿದ್ದರೆ ನಾನು ಆ ಕ್ಷಣದಲ್ಲಿ ಮಾತಿಲ್ಲದೆ ಹೊರಟುಹೋಗಬೇಕಿತ್ತು.

"ಒಂಬತ್ತಕ್ಕೇ ಬನ್ನಿ ಸರ್" ಎಂದೆ. "ಬಿಳಿ ಅಂಗಿ ಮಾತ್ರ ಬೇಡ. ಹಿಂದಿನ ಪರದೆ ಬಿಳಿ ಉಂಟು."