ಪಿಸುಮಾತಿಗಿಳಿದ ಫ್ಯಾನ್ ಮಹಾಶಯರಿಗೆ ಒಂದು ದೂರು

ಅರಸೀಕೆರೆಯ ಕಾಯಿಪುಡಿ ಕಾರ್ಖಾನೆಯ ಹಿಂದಿನ ಗೋಡೆಗೆ ಒರಗಿ, ಕಬ್ಬಿಣದ ಪೀಠದ ಮೇಲೆ ವಿರಾಜಮಾನರಾಗಿರುವ ಫ್ಯಾನ್ ಮಹಾಶಯರ ಸನ್ನಿಧಿಗೆ, ಅದೇ ಕಾರ್ಖಾನೆಯಲ್ಲಿ ಚೀಲಗಳಿಗೆ ಚೀಟಿ ಬರೆಯುವ ಕನ್ನಡ ಎಂ.ಎ. ಪದವೀಧರೆ ಮೇಧಿನಿಯ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವೆಂದು ಬಲ್ಲೆ. ತಮ್ಮ ಬೇರಿಂಗಿಗೆ ಹೊಸ ಗ್ರೀಸು ಬಿದ್ದಿದ್ದನ್ನು ಕಣ್ಣಾರೆ ಕಂಡಿದ್ದೇನೆ. ನಾನು ಮಾತ್ರ ಕ್ಷೇಮವಾಗಿಲ್ಲ, ಅದಕ್ಕೆ ತಾವೇ ಕಾರಣರೆಂದು ಅತ್ಯಂತ ವಿನಯದಿಂದ ತಿಳಿಸಲು ಈ ಪತ್ರ.

ಹೆಂಗಸರು ಹೆರೆದು ಹಾಕುವ ತೆಂಗಿನಕಾಯಿಯ ಕಂದು ಸಿಪ್ಪೆಯನ್ನು ಒಂದೊಂದು ಮೇಜಿನಿಂದಲೂ ಕೊಳವೆಯಲ್ಲಿ ಹೀರಿ ಹಿಂದಿನ ಕೋಣೆಗೆ ಸಾಗಿಸುವ ತಮ್ಮ ಸೇವೆಯನ್ನು ಹೊಗಳಲು ನನ್ನ ಪದವಿ ಸಾಲದು. ಮೊದಲು ತಾವು ಬೆಳಗಿನಿಂದ ಸಂಜೆಯವರೆಗೆ ಒಂದೇ ಸಮನೆ ಭೋರ್ಗರೆಯುತ್ತಿದ್ದಿರಿ, ಆ ಸದ್ದಿನ ಮರೆಯಲ್ಲಿ ನಾವೆಲ್ಲ ಸುಖವಾಗಿದ್ದೆವು. ಮಹದೇವಮ್ಮನವರು ಸೊಸೆಯನ್ನು ಪಕ್ಕದಲ್ಲೇ ಕೂರಿಸಿಕೊಂಡು ಬಯ್ಯುತ್ತಿದ್ದರು, ಸೊಸೆ ನಗುತ್ತ ತಲೆಯಾಡಿಸುತ್ತಿದ್ದಳು. ಮೂಟೆ ಹೊರುವ ಲಕ್ಕಪ್ಪನವರು ದಿನವಿಡೀ ಹಾಡುತ್ತಿದ್ದರು. ಯಾರಿಗೂ ಕೇಳಿಸದಿದ್ದುದರಿಂದ ಒಳ್ಳೆಯ ಹಾಡುಗಾರರೆಂಬ ಹೆಸರೂ ಅವರಿಗಿತ್ತು. ಬಸ್ಸಿನಲ್ಲಿ ಟಿಕೆಟ್ ಕೇಳಲೂ ನಾಚುವ ನಾನು, ಎಲೆಕ್ಟ್ರಿಷಿಯನ್ ಇಂದ್ರೇಶ್ ನನ್ನ ಮೇಜಿನ ಪಕ್ಕ ಹಾದುಹೋಗುವಾಗಲೆಲ್ಲ ಅವರ ಬೆನ್ನಿಗೆ ಒಂದು ವಾಕ್ಯವನ್ನು ಗಟ್ಟಿಯಾಗಿ ಹೇಳಿ, ಸದ್ಯ ಕೇಳಿಸಲಿಲ್ಲವೆಂದು ನೆಮ್ಮದಿಯಿಂದ ಚೀಟಿ ಬರೆಯುತ್ತಿದ್ದೆ.

ಹೀಗಿರುವಾಗ ತಮಗೆ ಒತ್ತಡ ನಿಯಂತ್ರಿಸುವ ಪೆಟ್ಟಿಗೆಯೊಂದನ್ನು ಜೋಡಿಸಲಾಯಿತು. ಜೋಡಿಸಿದವರು ಇದೇ ಇಂದ್ರೇಶ್. ಕೊಳವೆಯ ಬಾಯಿಗಳು ಮುಚ್ಚಿದಷ್ಟೂ ಒಳಗಿನ ಎಳೆತ ಹೆಚ್ಚುವುದನ್ನು ಗ್ರಹಿಸಿ ತಾವು ವೇಗವನ್ನೂ ದನಿಯನ್ನೂ ತಗ್ಗಿಸುತ್ತೀರಿ, ಬಾಯಿಗಳು ತೆರೆದೊಡನೆ ಮತ್ತೆ ಏರಿಸುತ್ತೀರಿ, ಕರೆಂಟು ಉಳಿಸುತ್ತೀರಿ. ಇಂಥ ಸಂಯಮ ಮನುಷ್ಯರಲ್ಲೂ ಅಪರೂಪ. ಆದರೆ ಕಳೆದ ಮಂಗಳವಾರ, ಟೀ ಬಂದಿತೆಂದು ಹೆಂಗಸರೆಲ್ಲ ಕೊಳವೆಗಳಿಗೆ ಮುಚ್ಚಳ ಹಾಕಿ, ತಾವು ಥಟ್ಟನೆ ಪಿಸುಮಾತಿಗಿಳಿದಾಗ ನನ್ನ ವಾಕ್ಯ ಆಗಲೇ ಹೊರಟುಬಿಟ್ಟಿತ್ತು. "ನೀವಂದ್ರೆ ನನಗೆ ತುಂಬಾ ಇಷ್ಟ ಕಣ್ರೀ ಇಂದ್ರೇಶ್" ಎಂಬುದರಲ್ಲಿ "ನೀವಂದ್ರೆ" ಮಾತ್ರ ತಮ್ಮ ಸದ್ದಿಗೆ ಸಂದಿತು. ಮಿಕ್ಕಿದ್ದೆಲ್ಲ ತಗಡಿನ ಸೂರಿಗೆ ಬಡಿದು ಎಲ್ಲರ ಕಿವಿಗೂ ಬಿತ್ತು. "ಅಯ್ಯೋ, ಈ ಮಗೀಗೂ ಬಾಯೈತೆ ಕಣ್ರವ್ವ!" ಎಂದು ಮಹದೇವಮ್ಮನವರು ಲೋಟ ಕೆಳಗಿಟ್ಟರು.

ಅದನ್ನೂ ಸಹಿಸಿಕೊಳ್ಳುತ್ತಿದ್ದೆ. ಇಂದ್ರೇಶ್ ತಿರುಗಿ ನಿಂತರು, ಕಿವಿಯೆರಡೂ ಕೆಂಪಾಗಿದ್ದವು, ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಸೂಪರ್‌ವೈಸರ್ ಬಂದರೆಂದು ಹೆಂಗಸರು ದಡಬಡನೆ ಮುಚ್ಚಳ ತೆಗೆದರು, ತಾವು ಕರ್ತವ್ಯನಿಷ್ಠೆಯಿಂದ ಭೋರ್ಗರೆದಿರಿ, ನನಗೆ ಸಿಕ್ಕಿದ್ದು ಅವರ ತುಟಿಯ ಅಲುಗಾಟವಷ್ಟೇ. ಅವರೂ ನನ್ನಷ್ಟೇ ಸಂಕೋಚದವರು, ಎರಡನೆಯ ಸಲ ಹೇಳುವವರಲ್ಲ. ಬೇಲೂರಿನಿಂದ ನಾನು ಬರುವ ಬಸ್ಸನ್ನು ಹಳೇಬೀಡಿನಲ್ಲಿ ಹತ್ತಿ, ಹಿಂದಿನ ಸೀಟಿನಲ್ಲಿ ಕೂತು, ಅಲ್ಲಿನ ಕೆರೆ ಕಣ್ಮರೆಯಾದ ಎಷ್ಟೋ ಹೊತ್ತಿನ ಮೇಲೂ ಕೆರೆಯನ್ನೇ ನೋಡುತ್ತಿರುತ್ತಾರೆ.

ಆದ್ದರಿಂದ ತಮ್ಮಲ್ಲಿ ಪ್ರಾರ್ಥಿಸುವುದೇನೆಂದರೆ, ಇನ್ನು ಮುಂದೆ ದನಿ ತಗ್ಗಿಸುವ ಮುನ್ನ ದಯವಿಟ್ಟು ಒಮ್ಮೆ ಕೆಮ್ಮಬೇಕು. ನಾಚಿಕೆಯವರು ಮಾತಾಡುವಾಗ ಏರಿ, ಅವರಿಗೆ ಉತ್ತರ ಬರುವಾಗ ಇಳಿಯಬೇಕು. ಅಂದಿನ ಉತ್ತರವನ್ನು ತಾವು ಸಿಪ್ಪೆಯ ಜತೆ ಹೀರಿಕೊಂಡಿದ್ದರೆ, ಆ ಸಿಪ್ಪೆಯೊಡನೆ ಅದೂ ಎಣ್ಣೆ ಗಾಣ ಸೇರುವ ಮೊದಲೇ ಜರಡಿ ಹಿಡಿದು ನನಗೆ ಹಿಂದಿರುಗಿಸಬೇಕು. ಅದು "ಹೂಂ" ಆಗಿದ್ದರೂ ಸರಿ, "ಊಹೂಂ" ಆಗಿದ್ದರೂ ಸರಿ. ಎರಡನೆಯದಾದರೆ ಮಾತ್ರ ಸ್ವಲ್ಪ ನಿಧಾನವಾಗಿ ಕಳಿಸಿದರೆ ಉಪಕಾರ.

ಇಷ್ಟಾದರೂ,
ತಮ್ಮ ವಿಶ್ವಾಸಿ,
ಮೇಧಿನಿ

ತಾ.ಕ.: ಈ ಪತ್ರವನ್ನು ನನ್ನಿಂದಲೇ ಓದಿಸಿ ಕೇಳಿದ ಮಹದೇವಮ್ಮನವರು, "ಆ ಫ್ಯಾನಿಗ್ಯಾಕವ್ವ ಕೈ ಮುಗೀತೀಯ? ಮುಚ್ಚಳ ಇರೋದು ನಮ್ ಕೈಲಿ" ಎಂದರು. ನಾಳೆ ಇಂದ್ರೇಶ್ ನನ್ನ ಮೇಜಿನ ಹತ್ತಿರ ಬಂದೊಡನೆ ಎಲ್ಲರೂ ಒಟ್ಟಿಗೆ ಮುಚ್ಚಳ ಹಾಕುತ್ತಾರಂತೆ, ಉತ್ತರ ಬರುವವರೆಗೆ ಸೂಪರ್‌ವೈಸರ್ ಬಂದರೂ ತೆಗೆಯುವುದಿಲ್ಲವಂತೆ. ತಮಗೆ ಇಷ್ಟವಿರಲಿ ಬಿಡಲಿ, ಸುಮ್ಮನಿರಬೇಕಾಗುತ್ತದೆ. ಈ ಬಗ್ಗೆ ತಮ್ಮದೇನಾದರೂ ದೂರಿದ್ದರೆ ಪೆಟ್ಟಿಗೆ ಜೋಡಿಸಿದವರಿಗೇ ಕೊಡಿ. ಅವರು ನನಗೆ ಉತ್ತರ ಕೊಟ್ಟ ಮೇಲೆ.