ಕುಂಕುಮ ಸಿಗದ ಕಾರುಗಳು

ನನ್ನ ಷಡ್ಡಕರು ನಮ್ಮ ಮದುವೆಗೆ ಬಂದಿದ್ದರೆ ಆ ಮದುವೆ ನಡೆಯುತ್ತಲೇ ಇರಲಿಲ್ಲ. ಹಸೆಮಣೆಯ ಮೇಲೆಯೇ ನನ್ನನ್ನು ಅಂಗಾತ ಮಲಗಿಸಿ, ಟಾರ್ಚು ಬಿಟ್ಟು, ಎಲ್ಲಾದರೂ ಬೆಸುಗೆ ಹಾಕಿದ ಗುರುತಿದೆಯೇ ಎಂದು ಹುಡುಕುತ್ತಿದ್ದರು. ಪುಣ್ಯಕ್ಕೆ ಅಷ್ಟರಲ್ಲಿ ಅವರು ಮೆಲ್ಬರ್ನ್ ಸೇರಿಯಾಗಿತ್ತು.

ನನ್ನ ಹೆಂಡತಿಯ ಅಕ್ಕನ ಗಂಡ. ಎಸ್ಸೆಸ್ಸೆಲ್ಸಿಗೆ ಮೂರು ಸಲ ಕಟ್ಟಿ ಮೂರು ಸಲವೂ ಫೇಲಾದವರು. ಮೆಲ್ಬರ್ನಿನ ಅಂಚಿನ ಡ್ಯಾಂಡಿನಾಂಗಿನ ಒಂದು ಗ್ಯಾರೇಜಿನಲ್ಲಿ ಗುದ್ದಿಸಿಕೊಂಡ ಕಾರುಗಳ ತಗ್ಗು ತೆಗೆಯುವ ಕೆಲಸ. ನಿಜವಾದ ಕಸುಬು ಮಾತ್ರ ಭಾನುವಾರದ್ದು: ಹಳೆಯ ಅಮೆರಿಕನ್ ಮಸಲ್ ಕಾರುಗಳಲ್ಲಿ ಅಸಲಿ ಯಾವುದು, ಡೂಪ್ಲಿಕೇಟ್ ಯಾವುದು ಎಂದು ಹೇಳುವುದು.

ಅರವತ್ತರ ದಶಕದಲ್ಲಿ ಅಮೆರಿಕದವರು ಒಂದೇ ಬಾಡಿಯಲ್ಲಿ ಎರಡು ಬಗೆಯ ಕಾರು ಮಾಡಿದರು. ಒಂದು ಸಂಸಾರಸ್ಥರಿಗೆ, ಸಣ್ಣ ಇಂಜಿನ್ನಿನದು. ಇನ್ನೊಂದು ಹುಚ್ಚರಿಗೆ, ದೊಡ್ಡ ಇಂಜಿನ್ನಿನದು. ಸಂಸಾರದ ಕಾರಿಗೆ ಹುಚ್ಚಿನ ಇಂಜಿನ್ ಕೂರಿಸಿ, ಹೆಸರಿನ ಅಕ್ಷರ ಅಂಟಿಸಿದರೆ ಅದೇ ಡೂಪ್ಲಿಕೇಟ್.

"ಬಾಡಿ ನಂಬರೂ ಇಂಜಿನ್ ನಂಬರೂ ಒಂದೇ ಮನೆತನದ್ದಾಗಿರ್ಬೇಕು," ಎನ್ನುತ್ತಿದ್ದರು ಷಡ್ಡಕರು. "ಮದುವೇಲಿ ಗೋತ್ರ ಬೇರೆ ಇರ್ಬೇಕು, ಕಾರಲ್ಲಿ ಒಂದೇ ಇರ್ಬೇಕು."

ಇಷ್ಟೆಲ್ಲ ಬಲ್ಲವರ ಸ್ವಂತ ಕಾರು ಯಾವುದು? ಒಂದು ಮುದಿ ಜಪಾನಿ ಪೆಟ್ಟಿಗೆ. ಅದರ ಎಡಬಾಗಿಲು ಬೇರೊಂದು ಕಾರಿನದು. ಆಯುಧಪೂಜೆಯ ದಿನ ಪರಿಚಯದವರೆಲ್ಲ ತಮ್ಮ ಕಾರುಗಳನ್ನು ಇವರ ಮನೆಯ ಮುಂದೆ ತಂದು ನಿಲ್ಲಿಸುತ್ತಿದ್ದರು. ಎಲ್ಲಕ್ಕೂ ಹೂವು, ಎಲ್ಲಕ್ಕೂ ಚಕ್ರದಡಿ ನಿಂಬೆಹಣ್ಣು. ಕುಂಕುಮ ಮಾತ್ರ ಅಸಲಿಗೆ. ತಮ್ಮ ಕಾರಿಗೂ ಇಡುತ್ತಿರಲಿಲ್ಲ. "ಬಾಗಿಲು ಅದರದ್ದಲ್ಲ," ಎನ್ನುತ್ತಿದ್ದರು. ಅಕ್ಕನವರು ಆ ಬಾಗಿಲ ಪಕ್ಕದ ಸೀಟಿನಲ್ಲೇ ಹತ್ತು ವರ್ಷ ಓಡಾಡಿದರು.

ನಾನು ಎಂಬತ್ತರ ದಶಕದ ಕೊನೆಗೆ ಮೆಲ್ಬರ್ನಿಗೆ ಬಂದೆ. ನನ್ನಪ್ಪ ಚಳ್ಳಕೆರೆಯ ಎಣ್ಣೆ ಮಿಲ್ಲಿನಲ್ಲಿ ಹಮಾಲಿ. ನಮ್ಮ ವಂಶದಲ್ಲಿ ಹೆಬ್ಬೆಟ್ಟಿನ ಬದಲು ಸಹಿ ಹಾಕಿದವನು ನಾನೇ ಮೊದಲು, ಬಿ.ಇ. ಮಾಡಿದವನಂತೂ ನಾನೊಬ್ಬನೇ. ಇಲ್ಲಿ ಬಂದು ಮಾಡಿದ್ದೇನು? ಗೋದಾಮಿನಲ್ಲಿ ಪೆಟ್ಟಿಗೆ ಎತ್ತಿದೆ. ಅಪ್ಪ ಮೂಟೆ, ಮಗ ಪೆಟ್ಟಿಗೆ. ಷಡ್ಡಕರು ಮಾತ್ರ ಮೊದಲ ದಿನದಿಂದ ನನ್ನನ್ನು ಕರೆದದ್ದು "ಇಂಜಿನಿಯರೇ" ಎಂದೇ. ಅದು ಚುಚ್ಚುಮಾತು ಎಂದು ನಾನು ತಿಳಿದಿದ್ದೆ.

ಒಮ್ಮೆ ಗ್ಲೆನ್ ವೇವರ್ಲಿ ಬಡಾವಣೆಯ ನಮ್ಮ ಕನ್ನಡದ ಡಾಕ್ಟರೊಬ್ಬರು ಸಿಡ್ನಿಯಲ್ಲಿ ಒಂದು ಕೆಂಪು ಕಾರು ನೋಡಿ ಮನಸೋತರು. ಡಾಕ್ಟರೊಂದಿಗೆ ಪರೀಕ್ಷೆಗೆ ಷಡ್ಡಕರು, ಅವರ ಜೊತೆಗೆ ನಾನು. ಹೆದ್ದಾರಿಯುದ್ದಕ್ಕೂ ನೀಲಗಿರಿ ಮರಗಳು, ಹೊಂಬಣ್ಣದ ಹುಲ್ಲು, ಕೊನೆಯೇ ಇಲ್ಲದ ಆಕಾಶ. ಪಕ್ಕದ ಸೀಟಿನಲ್ಲಿ ಷಡ್ಡಕರು ಅರೆಗಣ್ಣು ಮುಚ್ಚಿ ದಾವಣಗೆರೆಯ ಕ್ಷೌರದಂಗಡಿಯ ಕ್ಯಾಲೆಂಡರಿನ ಬಗ್ಗೆ ಹೇಳಿದರು. ಅದರಲ್ಲಿ ಸಮುದ್ರದ ಪಕ್ಕ ನಿಂತ ಒಂದು ಕೆಂಪು ಕಾರು. ವರ್ಷ ಕಳೆದರೂ ಕ್ಯಾಲೆಂಡರ್ ತೆಗೆಯಬೇಡಿ ಎಂದು ಬೇಡಿಕೊಂಡಿದ್ದರಂತೆ. "ಕೂದಲು ಬೆಳೀದಿದ್ರೂ ಹೋಗಿ ಕೂರ್ತಿದ್ದೆ," ಎಂದರು. ಚಕ್ರದ ಸದ್ದಿನಲ್ಲಿ ನನಗೂ ಎಲ್ಲೋ ಸಮುದ್ರ ಕೇಳಿದಂತಾಯಿತು.

ಸಿಡ್ನಿಯ ಕಾರು ಗರ್ಜಿಸಿತು. ಡಾಕ್ಟರು ಕರಗಿಹೋದರು. ಷಡ್ಡಕರು ಡಿಕ್ಕಿಯ ಮುಚ್ಚಳ ಎತ್ತಿ ಒಳಮೈ ಸವರಿದರು. ಬೇರೊಂದು ಹೆಸರಿನ ಅಕ್ಷರ ಕಿತ್ತು, ತೂತು ಮುಚ್ಚಿ, ಬಣ್ಣ ಬಳಿದಿದ್ದರು.

"ಮೂಗುತಿ ತೆಗೆದ್ರೂ ತೂತು ಹೋಗಲ್ಲ, ಡಾಕ್ಟ್ರೇ."

"ಸೌಂಡ್ ಕೇಳಿದ್ರಲ್ಲ ಅಂಕಲ್?"

"ಹುಲಿವೇಷದವರೂ ಗರ್ಜಿಸ್ತಾರೆ."

ವಾಪಸು ಬರುವಾಗ ನಾನು ಕೆಣಕಿದೆ. "ಭಾವ, ಇಲ್ಲಿಗೆ ಬಂದ ಅಮೆರಿಕನ್ ಕಾರುಗಳ ಸ್ಟೀರಿಂಗನ್ನೇ ಎಡದಿಂದ ಬಲಕ್ಕೆ ಹಾಕಿರ್ತಾರೆ. ಅವು ಅಸಲಿ ಹೇಗೆ?"

"ಬಂದ ಊರಿನ ರಸ್ತೆಗೆ ತಕ್ಕ ಹಾಗೆ ಕೂರ್ಬೇಕಲ್ಲ, ಇಂಜಿನಿಯರೇ. ಅದು ತಪ್ಪಲ್ಲ. ನಂಬರ್ ತೀಡಿದ್ರೆ ತಪ್ಪು."

ಆ ವರ್ಷವೇ ಪದವಿ ಪರಿಶೀಲಿಸುವ ಕಚೇರಿಯಿಂದ ನನಗೆ ಪತ್ರ ಬಂತು. ನನ್ನ ಬಿ.ಇ. ಇಲ್ಲಿನ ಪದವಿಗೆ ಸಮವೆಂದು ಸದ್ಯಕ್ಕೆ ಹೇಳಲಾಗದು. ಬೇಕಿದ್ದರೆ ಮೂಲ ದಾಖಲೆಗಳೊಂದಿಗೆ ಖುದ್ದಾಗಿ ಬಂದು ಮಾತಾಡಬಹುದು. ನಾನು ಹೋಗುವುದಿಲ್ಲ ಎಂದೆ. ಗೋಡೆಯ ಮೇಲಿದ್ದ ಸರ್ಟಿಫಿಕೇಟನ್ನು ಇಳಿಸಿ, ಫ್ರೇಮಿನಿಂದ ತೆಗೆದು, ಅಂಕಪಟ್ಟಿಗಳ ಲಕೋಟೆಗೆ ಸೇರಿಸಿ, ಸೂಟ್‌ಕೇಸಿನ ತಳಕ್ಕೆ ಹಾಕಿದೆ. ಹೆಂಡತಿ ಆ ಜಾಗದ ಧೂಳು ಒರೆಸಿದಳು. ಮೊಳೆ ಮಾತ್ರ ಕೀಳಲಿಲ್ಲ.

ಆಯುಧಪೂಜೆ ಬಂತು. ಅಂಗಳದಲ್ಲಿ ಏಳು ಕಾರು, ಒಂದಕ್ಕೂ ಕುಂಕುಮ ಸಿಗಲಿಲ್ಲ. ಷಡ್ಡಕರು ತಟ್ಟೆ ಹಿಡಿದು ನನ್ನತ್ತ ತಿರುಗಿದರು.

"ನಿಮ್ಮ ಆಯುಧ ಎಲ್ಲಿ, ಇಂಜಿನಿಯರೇ?"

"ಪೆಟ್ಟಿಗೆ ಕೊಯ್ಯೋ ಕಟರ್ ಇದೆ, ಭಾವ. ಗೋದಾಮಲ್ಲಿ."

"ಅದಲ್ಲ."

ಹೆಂಡತಿ ಒಳಗೆ ಹೋಗಿ, ನನಗೆ ತಿಳಿಯದಂತೆ ನಮ್ಮ ಮನೆಯಿಂದ ತಂದಿಟ್ಟಿದ್ದ ಆ ಲಕೋಟೆಯನ್ನು ಅವರ ಕೈಗಿತ್ತಳು. ನಾನು ಅದನ್ನು ಹಿಂದಕ್ಕೆ ಪಡೆಯಲು ಕೈ ಚಾಚಿದೆ. ಸಿಡ್ನಿಯಲ್ಲಿ ಅವರ ಮುಖ ನೋಡಿದ್ದೆನಲ್ಲ.

ಷಡ್ಡಕರು ಕೈ ತೊಳೆದು ಬಂದರು. ಕನ್ನಡಕ ಒರೆಸಿದರು. ಎಂಟು ಅಂಕಪಟ್ಟಿಗಳನ್ನು ಕಾರಿನ ಬಾನೆಟ್ಟಿನ ಮೇಲೆ ಹರಡಿ, ಒಂದೊಂದರ ರಿಜಿಸ್ಟರ್ ನಂಬರಿನ ಮೇಲೂ ಬೆರಳಿಟ್ಟು, ಸರ್ಟಿಫಿಕೇಟಿನ ನಂಬರಿನೊಂದಿಗೆ ತಾಳೆ ನೋಡಿದರು. ಅದನ್ನು ಬಿಸಿಲಿಗೆ ಹಿಡಿದರು. ಮೂಸಿದರು ಕೂಡ.

"ಅಸಲಿ ಓನರ್ ಯಾರು?"

"ನಾನೇ."

"ನಿಮಗಿಂತ ಮುಂಚೆ?"

"ಯಾರೂ ಇಲ್ಲ, ಭಾವ. ನಮ್ಮ ಮನೇಲಿ ಯಾರೂ ಇರ್ಲಿಲ್ಲ."

ಉಂಗುರಬೆರಳನ್ನು ಕುಂಕುಮದ ಬಟ್ಟಲಿಗೆ ಅದ್ದಿ, ಸರ್ಟಿಫಿಕೇಟಿನ ಮೂಲೆಗೆ ಒಂದು ಬೊಟ್ಟು ಇಟ್ಟರು. "ಎಲ್ಲಾ ನಂಬರೂ ಸರಿ ಇದೆ," ಎಂದರು, ನನ್ನ ಮುಖ ನೋಡದೆ. "ಮೂರು ಸಲ ಕಟ್ಟಿದವನು ನಾನು. ಇದು ಎಷ್ಟು ಕಷ್ಟ ಅಂತ ನಂಗೊತ್ತು. ಹೋಗಿ ಬನ್ನಿ."

ಮುಂದಿನ ವಾರ ಹೋದೆ. ಎರಡು ಗಂಟೆ ಪ್ರಶ್ನೆ ಕೇಳಿದ ಅಲ್ಲಿನ ಅಧಿಕಾರಿಣಿ, ಕೊನೆಗೆ ಸರ್ಟಿಫಿಕೇಟಿನ ಮೂಲೆಯ ಕೆಂಪು ಕಲೆ ತೋರಿಸಿ ಇದೇನು ಎಂದರು. ತಪಾಸಣೆಯಾಗಿದೆ ಎಂಬುದಕ್ಕೆ ಗುರುತು ಎಂದೆ. ಯಾರು ಮಾಡಿದ್ದು ಎಂದರು. ಬಹಳ ಕಟ್ಟುನಿಟ್ಟಿನವರು ಎಂದೆ.

ಅವರು ನಕ್ಕು ಜೆರಾಕ್ಸ್ ಪ್ರತಿ ತೆಗೆದುಕೊಂಡರು. ಅದರಲ್ಲಿ ಕುಂಕುಮ ಕಪ್ಪು ಚುಕ್ಕೆಯಾಗಿ ಮೂಡಿತ್ತು. ತಮ್ಮ ಮಾನ್ಯತೆಯ ಮುದ್ರೆಯನ್ನು ಆ ಚುಕ್ಕೆಯ ಮೇಲೆ ಬೀಳದಂತೆ, ಸ್ವಲ್ಪ ಪಕ್ಕಕ್ಕೆ ಸರಿಸಿ ಒತ್ತಿದರು.